ಸೋರುವ ಮಾಳಿಗಿ ಮತ್ತು ಹುಬ್ಬಿ ಮಳೆ

ಶಿಶುನಾಳ ಶರೀಫರ (1819-1889) ಹಾಡುಗಳ ಬೆನ್ನಿಗೆ ಒಂದೊಂದು ಕಥೆ ಕಟ್ಟುವುದು ನಮ್ಮ ಧಾರವಾಡ ಸೀಮೆಯ ಹಳೆಯ ರೂಢಿ. ‘ಸೋರುತಿಹುದು ಮನೆಯ ಮಾಳಿಗಿ’ಗೂ ಅಂಥದೊಂದು ಕಥೆ ಇದೆ: ಮಳೆಗೆ ಮನೆ ಸೋರಿತು, ಹೆಂಡತಿ ಗೊಣಗಿದಳು, ಶರೀಫರು ಹಾಡಿಬಿಟ್ಟರು. ಕಥೆ ಚೆಂದವೇ. ಆದರೆ ಅದು ಹಾಡಿನಿಂದಲೇ ಹುಟ್ಟಿದಂತೆ ಕಾಣುತ್ತದೆ. ಕೊನೆಯ ನುಡಿಯಲ್ಲಿ ಕವಿ ‘ಕಾಂತೆ’ಯನ್ನು ಕರೆದು ಮಾತಾಡುತ್ತಾರೆ. ಕಥೆ ಕಟ್ಟಲು ಜನಕ್ಕೆ ಅಷ್ಟು ಸಾಕು.

ಪಂಡಿತರ ದಾರಿ ಬೇರೆ. ಮನೆಯೆಂದರೆ ದೇಹ, ಸೋರಿಕೆಯೆಂದರೆ ಅಜ್ಞಾನ ಎಂದು ಅವರು ಬಿಡಿಸಿ ಹೇಳುತ್ತಾರೆ. ಇದನ್ನು ತಪ್ಪೆನ್ನಲಾಗದು, ಅಜ್ಞಾನದ ಮಾತು ಹಾಡಿನಲ್ಲೇ ಇದೆ. ಆದರೆ ಕಥೆ ಹೇಳುವವರೂ ಅರ್ಥ ಹೇಳುವವರೂ ಮಾಳಿಗಿ ಹತ್ತಿ ನೋಡುವುದಿಲ್ಲ.

ಅಣ್ಣಿಗೇರಿ, ನವಲಗುಂದದ ಎರಿ ನಾಡಿನ ಹಳೆಯ ಮನೆಗಳಿಗೆ ಹಂಚಿಲ್ಲ, ಮಣ್ಣಿನ ಮೇಲ್ಮುದ್ದಿ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಕರಕಿ ಕಿತ್ತು, ಹೊಸ ಮಣ್ಣು ಹಾಕಿ, ಕಾಲಿನಿಂದ ಮೆಟ್ಟಿ ಗಟ್ಟಿ ಮಾಡಬೇಕು. ಹುಲ್ಲಿನ ಬೇರು, ಇರುವೆಯ ಗೂಡು ನೀರಿಗೆ ದಾರಿ ಮಾಡುತ್ತವೆ. ಒಂದು ವರ್ಷ ಬಿಟ್ಟರೂ ಮನೆ ಸೋರುತ್ತದೆ. ಶರೀಫರ ಹಾಡಿನಲ್ಲಿ ಈ ವಿವರಗಳೆಲ್ಲ ಇವೆ: ಹುಳುಕು ಜಂತಿ, ಕರಕಿ, ಇರುವೆ, ಕತ್ತಲಲ್ಲಿ ಮೇಲೇರಿ ಮೆಟ್ಟಲಾಗದ ಮನುಷ್ಯ. ‘ಮೆಟ್ಟು’ ಎಂಬುದು ಇಲ್ಲಿ ಅಲಂಕಾರವಲ್ಲ, ದುರಸ್ತಿಯ ಹೆಸರು. ಮಳೆ ಬಂದ ಮೇಲೆ, ಅದೂ ಕತ್ತಲಲ್ಲಿ, ಆ ಕೆಲಸ ಆಗುವುದಿಲ್ಲ. ಹೊತ್ತು ಮೀರಿದ್ದೇ ಹಾಡಿನ ದುಃಖ. ಅಧ್ಯಾತ್ಮದ ಅರ್ಥಕ್ಕೆ ಬಲ ಬರುವುದೂ ಈ ಕೆಲಸದ ತಿಳುವಳಿಕೆಯಿಂದಲೇ.

ಇನ್ನು ಮಳೆ. ಕವಿ ಅದನ್ನು ಹೆಸರಿಟ್ಟು ಕರೆದಿದ್ದಾರೆ: ಹುಬ್ಬಿ. ಆಗಸ್ಟ್ ಕೊನೆಗೆ ಹಿಡಿದು ಸೆಪ್ಟೆಂಬರ್ ನಡುವಿನವರೆಗೆ ಬರುವ ಮಳೆ ಇದು. ಹಿಂಗಾರಿ ಜೋಳ, ಕಡಲೆ ಬಿತ್ತುವ ಎರಿ ಹೊಲಕ್ಕೆ ಹಸಿ ಕೊಡುವ ಮಳೆ. ಮನೆಯೊಳಗೆ ನೀರಾದರೂ ಹೊಲದಲ್ಲಿ ಅನ್ನವಾಗುತ್ತದೆ. ಆದ್ದರಿಂದಲೇ ಕವಿ ಹೆಂಡತಿಗೆ ಅದು ಕರುಣೆಯಿಂದ ಬಂತೆಂದು ಹೇಳುತ್ತಾರೆ. ಉರ್ದು ಓದಿದವರಿಗೆ ಇಲ್ಲಿ ‘ಬಾರಾನೆ ರಹಮತ್’ ನೆನಪಾಗದೆ ಇರದು. ಮಳೆಯೆಂದರೆ ರಹಮತ್ ಎಂಬ ನಮ್ಮ ಮನೆಮಾತು ರೈತನ ಕನ್ನಡದಲ್ಲಿ ಬಂದು ನಿಂತಿದೆ. ಕಥೆಯಲ್ಲಿ ಗೊಣಗುವ ಹೆಂಡತಿ ಹಾಡಿನಲ್ಲಿ ಇಲ್ಲವೇ ಇಲ್ಲ. ಅಲ್ಲಿರುವುದು ತೊಯ್ದ ಮನೆಯೊಳಗೆ ಕೂತು ಕರುಣೆಯ ಮಾತು ಕೇಳಿಸಿಕೊಳ್ಳುವ ಹೆಂಗಸು.

ಸಿ. ಅಶ್ವಥ್ ಅವರ ಕಂಠ ಶರೀಫರನ್ನು ನಾಡಿನ ಮೂಲೆಮೂಲೆಗೆ ಒಯ್ದಿತು. ನಾಗಾಭರಣ ಅವರ 1990ರ ಸಿನಿಮಾಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಬಂತು. ಇವೆಲ್ಲ ಒಳ್ಳೆಯದೇ. ಆದರೆ ಅಂದಿನಿಂದ ಶರೀಫರೆಂದರೆ ಭಾವೈಕ್ಯದ ಭಾಷಣಕ್ಕೆ ಒದಗುವ ಹೆಸರು ಎಂಬಂತಾಗಿದೆ. ವೇದಿಕೆಯ ಮೇಲಿನವರಿಗೆ ಕಳಸದ ಗೋವಿಂದಭಟ್ಟರು ಹಾಕಿದರೆನ್ನುವ ಜನಿವಾರದ ಕಥೆ ಬೇಕು. ಅವರು ಕಟ್ಟಿದ ಮೊಹರಮ್ಮಿನ ರಿವಾಯತ್ ಪದಗಳು ಬೇಡ. ನಮ್ಮವರಲ್ಲಿ ಕೆಲವರು ‘ಶಿಶುನಾಳಧೀಶ’ ಎಂಬ ಅಂಕಿತಕ್ಕೇ ಎಡವಿ, ಇವರು ನಮ್ಮವರಲ್ಲ ಎಂದು ಎದ್ದು ಹೋಗುತ್ತಾರೆ. ಶರೀಫರು ಯಾರವರೆಂಬ ಪಂಚಾಯ್ತಿ ಇಬ್ಬರದೂ.

ಆ ಪಂಚಾಯ್ತಿಗೆ ಹಾಡು ಸಿಗುವುದಿಲ್ಲ. ಲಿಂಗಾಯತರ ಮನೆಗೂ ಮುಸಲ್ಮಾನರ ಮನೆಗೂ ಮೇಲಿದ್ದದ್ದು ಒಂದೇ ಮಣ್ಣು, ಕಾದದ್ದು ಒಂದೇ ಹುಬ್ಬಿ. ಒಗ್ಗಟ್ಟಿನ ಹೆಸರನ್ನೇ ಎತ್ತದೆ ಶರೀಫರು ಆ ಮಣ್ಣನ್ನೂ ಮಳೆಯನ್ನೂ ಹಾಡಿದರು. ಈಗ ಸ್ಲ್ಯಾಬಿನ ಮನೆಗಳು ಬಂದಿವೆ. ಮಾಳಿಗಿ ಮೆಟ್ಟುವುದು ಏನೆಂದು ಹುಡುಗರಿಗೆ ಗೊತ್ತಿಲ್ಲ. ಶಾಲೆಯಲ್ಲಿ ಈ ಹಾಡು ಕಲಿಸುವವರು ಶರೀಫರ ಜಾತಿಯ ಕಥೆಗಿಂತ ಮೊದಲು ಊರಿನಲ್ಲಿ ಉಳಿದಿರುವ ಒಂದು ಮೇಲ್ಮುದ್ದಿ ಮನೆಯನ್ನು ತೋರಿಸಲಿ. ಹಾಡಿನ ಹಿಂದಿನ ಕಥೆಯ ಬಹುಪಾಲು ಅದರ ತೊಲೆ, ಜಂತಿಗಳಲ್ಲೇ ಇದೆ.