ಇಂಧನ ಮುಗಿದ ವಿಮಾನ: ನಾವು ಅರ್ಧ ಹೇಳುವ ಪಾಠ

ಮಾಪನದ ಅಧ್ಯಾಯ ಬಂದಾಗ ‘ಗಿಮ್ಲಿ ಗ್ಲೈಡರ್’ ಕಥೆ ಹೇಳುವ ಅಧ್ಯಾಪಕರು ಹಲವರಿದ್ದಾರೆ. ಕೆನಡಾದ ವಿಮಾನವೊಂದರಲ್ಲಿ ಪೌಂಡು, ಕಿಲೋಗ್ರಾಂ ಅದಲುಬದಲಾಗಿ ಆಕಾಶದಲ್ಲೇ ಇಂಧನ ಮುಗಿಯಿತು. ಆದ್ದರಿಂದ ಉತ್ತರದ ಮುಂದೆ ಏಕಮಾನ ಬರೆಯಲು ಮರೆಯಬೇಡಿ. ಎರಡು ನಿಮಿಷದಲ್ಲಿ ಪಾಠ ಮುಗಿಯುತ್ತದೆ. ಕಥೆ ಸುಳ್ಳಲ್ಲ. ಆದರೆ ಹೀಗೆ ಹೇಳಿದಾಗ ಅದರೊಳಗಿನ ಭೌತವಿಜ್ಞಾನವೇ ಬಿಟ್ಟುಹೋಗುತ್ತದೆ ಎಂಬುದು ನನ್ನ ಆಕ್ಷೇಪ.

ಲೆಕ್ಕವನ್ನೇ ನೋಡೋಣ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ ಬೇಕಾಗಿದ್ದ ಇಂಧನ 22,300 ಕಿಲೋಗ್ರಾಂ. ಟ್ಯಾಂಕಿನಲ್ಲಿ 7,682 ಲೀಟರ್ ಇತ್ತು. ಇದನ್ನು 1.77ರಿಂದ ಗುಣಿಸಿ 13,597 ಎಂದುಕೊಂಡರು. 22,300ರಿಂದ ಅದನ್ನು ಕಳೆದು, ಮತ್ತೆ 1.77ರಿಂದ ಭಾಗಿಸಿ, ಸುಮಾರು 4,917 ಲೀಟರ್ ತುಂಬಿಸಿದರು. 1.77 ಎಂಬುದು ಲೀಟರಿಗೆ ಎಷ್ಟು ಪೌಂಡು ಎನ್ನುವ ಸಂಖ್ಯೆ. ಕಿಲೋಗ್ರಾಂಗೆ ಬೇಕಾಗಿದ್ದುದು 0.803. ಅದನ್ನು ಬಳಸಿದ್ದರೆ ತುಂಬಿಸಬೇಕಾದದ್ದು 20,000 ಲೀಟರಿಗೂ ಹೆಚ್ಚು ಎಂದು ತಿಳಿಯುತ್ತಿತ್ತು. ವಿಮಾನ ಅಗತ್ಯದ ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ಹೊರಟಿತು. ಎರಡೂ ಎಂಜಿನ್ ನಿಂತ ಮೇಲೆ ತೇಲುತ್ತಾ ಬಂದು ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಯಿತು. ಅದರಲ್ಲಿದ್ದ 69 ಮಂದಿಯೂ ಬದುಕಿದರು.

ಇಲ್ಲಿ ಗಮನಿಸಿ: ಗುಣಾಕಾರ, ಭಾಗಾಕಾರ ಎಲ್ಲವೂ ಸರಿ. ಅದೇ ಲೆಕ್ಕವನ್ನು ಮತ್ತೆ ಮಾಡಿದರೂ ಅದೇ ಉತ್ತರ ಬರುತ್ತಿತ್ತು. ತಪ್ಪು ಸಿಗುತ್ತಿದ್ದುದು ಎರಡೇ ಕಡೆ. ಒಂದು, ಪ್ರತಿ ಹಂತದಲ್ಲೂ ಏಕಮಾನ ಬರೆದಿದ್ದರೆ ಕಿಲೋಗ್ರಾಂನಿಂದ ಪೌಂಡನ್ನು ಕಳೆಯುವ ಜಾಗದಲ್ಲಿ ಕೈ ನಿಲ್ಲುತ್ತಿತ್ತು. ಕೊನೆಯ ಉತ್ತರದ ಮುಂದೆ ‘ಲೀಟರ್’ ಎಂದಷ್ಟೇ ಬರೆದಿದ್ದರೆ ಏನೂ ತಿಳಿಯುತ್ತಿರಲಿಲ್ಲ. ನಾವು ಅರ್ಧ ಅಂಕ ಕಳೆಯುವುದಾದರೂ ಈ ಕೊನೆಯ ಸಾಲಿಗೆ ಮಾತ್ರ!

ಎರಡನೆಯದು ಇನ್ನೂ ಸರಳ. 1.77 ಅನ್ನು ಲೀಟರಿಗೆ ಕಿಲೋಗ್ರಾಂ ಎಂದು ಓದಿದರೆ ಆ ಇಂಧನ ನೀರಿಗಿಂತ ಮುಕ್ಕಾಲು ಪಾಲು ಹೆಚ್ಚು ಭಾರವಾಗುತ್ತದೆ. ಗಂಗೊಳ್ಳಿ ಬಂದರಿನಲ್ಲಿ ದೋಣಿಗಳ ನಡುವೆ ನೀರಿನ ಮೇಲೆ ಹರಡಿದ ಡೀಸೆಲ್ ಪದರವನ್ನು ಕಂಡ ಮಗು ಕೂಡ ಇದು ಅಸಾಧ್ಯವೆಂದು ಹೇಳಬಲ್ಲದು. ಆದರೆ ಸಾಂದ್ರತೆಯನ್ನು ಸೂತ್ರವಾಗಿ ಕಲಿತ ವಿದ್ಯಾರ್ಥಿಗೆ ಅದು ಹೊಳೆಯುವುದೇ? ನಿಮ್ಮ ತರಗತಿಯಲ್ಲಿ ಕೇಳಿ ನೋಡಿ.

‘ಯಾರೋ ಮರೆತರು’ ಎಂಬ ನೀತಿಯೂ ಅಪೂರ್ಣ. ಆ ವಿಮಾನದ ಇಂಧನಸೂಚಕ ಕೆಲಸ ಮಾಡುತ್ತಿರಲಿಲ್ಲ. ಸಂಸ್ಥೆಯ ಇತರ ವಿಮಾನಗಳು ಪೌಂಡಿನಲ್ಲಿದ್ದವು, ಹೊಸ 767 ಮಾತ್ರ ಕಿಲೋಗ್ರಾಂನಲ್ಲಿ. ಹಿಂದೆ ಈ ಲೆಕ್ಕ ನೋಡುತ್ತಿದ್ದ ಫ್ಲೈಟ್ ಎಂಜಿನಿಯರ್ ಹುದ್ದೆ ಇದರಲ್ಲಿ ಇರಲಿಲ್ಲ. ಆ ಹೊಣೆ ಯಾರದೆಂದು ಸ್ಪಷ್ಟವಾಗಿರಲಿಲ್ಲ. ನ್ಯಾಯಮೂರ್ತಿ ಜಾರ್ಜ್ ಲಾಕ್‌ವುಡ್ ಅವರ 1985ರ ವರದಿ ಸಂಸ್ಥೆಯ ಲೋಪಗಳನ್ನೂ ಎತ್ತಿ ತೋರಿಸಿತು.

ಸಣ್ಣ ವಿಮಾನಗಳಲ್ಲಿ ಇದು ಅಪರೂಪವೂ ಅಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ 2017ರ ಎಚ್ಚರಿಕೆ ಪತ್ರದಂತೆ, 2011ರಿಂದ 2015ರವರೆಗೆ ಅಲ್ಲಿ ಇಂಧನ ನಿರ್ವಹಣೆಯ ಲೋಪದಿಂದ ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಪಘಾತಗಳಾದವು. ಅವುಗಳಲ್ಲಿ ಕಲಿಕೆಯ ಪೈಲಟ್‌ಗಳ ಪಾಲು ಶೇಕಡಾ 2 ಮಾತ್ರ. ಅನುಭವಿಗಳೇ ಹೆಚ್ಚು ಎಡವುತ್ತಾರೆ.

ನಮ್ಮ ಇನ್ನೊಂದು ಕೊರತೆ ‘ಮೈಲೇಜ್’ ಸ್ಥಿರವೆಂದು ಕಲಿಸುವುದು. 1993ರ ನವೆಂಬರ್ 15ರಂದು ಮದ್ರಾಸಿನಿಂದ ಹೈದರಾಬಾದಿಗೆ ಹೋದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ300, ಮಂಜಿನಿಂದ ಇಳಿಯಲಾಗದೆ ಹಿಂತಿರುಗಿತು. ರೆಕ್ಕೆಯ ಫ್ಲ್ಯಾಪ್‌ಗಳು ಒಳಸರಿಯದೆ ಉಳಿದದ್ದರಿಂದ ಗಾಳಿಯ ಎಳೆತ ಹೆಚ್ಚಿ, ಪ್ರತಿ ಕಿಲೋಮೀಟರಿಗೆ ತಗಲುವ ಇಂಧನವೂ ಹೆಚ್ಚಿತು. ಮದ್ರಾಸು ತಲುಪಲಾಗದೆ ತಿರುಪತಿಯ ಬಳಿ ಗದ್ದೆಯಲ್ಲಿ ಇಳಿಯಬೇಕಾಯಿತು. ಪ್ರಾಣಹಾನಿಯಾಗಲಿಲ್ಲ.

ತರಗತಿಗೆ ಎರಡು ಪ್ರಶ್ನೆಗಳನ್ನು ಸೂಚಿಸುತ್ತೇನೆ. ಮೊದಲನೆಯದು: ಗಂಟೆಗೆ 200 ಕಿ.ಮೀ. ವೇಗದ ವಿಮಾನ 300 ಕಿ.ಮೀ. ಹೋಗಿ ಹಿಂತಿರುಗಬೇಕು; ಗಾಳಿ ಹೋಗುವಾಗ ಎದುರಿಗೆ, ಬರುವಾಗ ಹಿಂದಿನಿಂದ, ಗಂಟೆಗೆ 30 ಕಿ.ಮೀ. ಲಾಭ ನಷ್ಟ ಸಮವಾಗುವುದೇ? ಇಲ್ಲ, ಮೂರು ಗಂಟೆಯ ಮೇಲೆ ನಾಲ್ಕು ನಿಮಿಷ ಹೆಚ್ಚು ಬೇಕು. ಎರಡನೆಯದು: ಕುಂದಾಪುರದ ಮೇಲೆ 1,000 ಮೀಟರ್ ಎತ್ತರದಲ್ಲಿ ಎಂಜಿನ್ ನಿಂತರೆ, ಒಂದು ಮೀಟರ್ ಇಳಿಯುವಷ್ಟರಲ್ಲಿ ಒಂಬತ್ತು ಮೀಟರ್ ಮುಂದೆ ಸಾಗುವ ಸಣ್ಣ ವಿಮಾನ ಎಲ್ಲಿಯವರೆಗೆ ತಲುಪೀತು? ಗಾಳಿ ಇಲ್ಲದಿದ್ದರೆ ಒಂಬತ್ತು ಕಿಲೋಮೀಟರ್. ಅತ್ತ ಬೈಂದೂರು ಸಿಗದು, ಇತ್ತ ಬ್ರಹ್ಮಾವರವೂ ಸಿಗದು. ಮರವಂತೆಯ ಆಸುಪಾಸು ಅಷ್ಟೇ.

ಇಂಥ ಪ್ರಶ್ನೆಗಳಿಗೆ ಉತ್ತರಪತ್ರಿಕೆ ತಿದ್ದುವಾಗ ಕೊನೆಯ ಉತ್ತರಕ್ಕಿಂತ ನಡುವಿನ ಸಾಲುಗಳ ಏಕಮಾನಕ್ಕೆ ಹೆಚ್ಚು ಅಂಕ ಕೊಡಿ. ಜೊತೆಗೆ ‘ಈ ಉತ್ತರ ಸಾಧ್ಯವೇ?’ ಎಂದು ಒಂದು ವಾಕ್ಯ ಬರೆದ ವಿದ್ಯಾರ್ಥಿಗೂ ಒಂದು ಅಂಕ ಇರಲಿ.