ದಮನಕ ಹೇಳಿದ ಕಥೆಗಳು

ಸಿಂಹವನ್ನು ಬಾವಿಗೆ ಕೆಡವಿದ ಮೊಲದ ಕಥೆ ಕೇಳದ ಮಕ್ಕಳು ಕನ್ನಡದಲ್ಲಿ ಕಡಿಮೆ. ದಿನಕ್ಕೊಂದು ಪ್ರಾಣಿಯ ಸರದಿ, ಮೊಲ ಬೇಕೆಂದೇ ಮಾಡಿದ ತಡ, ದಾರಿಯಲ್ಲಿ ಇನ್ನೊಂದು ಸಿಂಹ ಅಡ್ಡಗಟ್ಟಿತೆಂಬ ನೆಪ, ಬಾವಿಯ ನೀರಲ್ಲಿ ಕಂಡ ನೆರಳು. ಮಕ್ಕಳ ಪುಸ್ತಕಗಳಲ್ಲಿ ಇದರ ಕೆಳಗೆ ದಪ್ಪಕ್ಷರದ ಸಾಲೊಂದು ಇರುತ್ತದೆ: ಬಲಕ್ಕಿಂತ ಬುದ್ಧಿ ದೊಡ್ಡದು. ಅಲ್ಲಿಗೆ ಕಥೆಯೂ ಮುಗಿಯುತ್ತದೆ, ಮಗು ಅದರ ಬಗ್ಗೆ ಯೋಚಿಸುವ ಅಗತ್ಯವೂ ಮುಗಿಯುತ್ತದೆ.

ಆದರೆ ಪಂಚತಂತ್ರದಲ್ಲಿ ಈ ಕಥೆ ಹೇಳುವವನು ಯಾರು? ದಮನಕನೆಂಬ ನರಿ. ಕೇಳುವವನು ಅವನ ಜೊತೆಗಾರ ಕರಟಕ. ಕಾಡಿನ ರಾಜ ಪಿಂಗಳಕನೆಂಬ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ಗಾಢ ಸ್ನೇಹ ಬೆಳೆದಿದೆ. ಆ ಸ್ನೇಹ ಕೂಡಿಸಿದವನು ದಮನಕನೇ. ಈಗ ಅದರಿಂದ ತನ್ನ ಸ್ಥಾನಕ್ಕೆ ಕುತ್ತು ಬಂತೆಂದು ಮುರಿಯಹೊರಟವನೂ ಅವನೇ. ಅಂಥ ಬಲಶಾಲಿಗಳ ನಡುವೆ ನಿನ್ನಿಂದೇನಾದೀತು ಎಂದು ಕರಟಕ ಸಂಶಯಪಟ್ಟಾಗ ಅದಕ್ಕೆ ಉತ್ತರವಾಗಿ ಮೊಲದ ಕಥೆ ಬರುತ್ತದೆ. ಹಾವನ್ನು ಕೊಲ್ಲಿಸಿದ ಕಾಗೆಯ ಕಥೆ, ಏಡಿಯಿಂದ ಸತ್ತ ಬಕದ ಕಥೆ ಎರಡೂ ಅದೇ ಮಾತುಕತೆಯೊಳಗೆ ಬರುತ್ತವೆ. ಹಾಗಾಗಿ ಮೊಲದ ಜಾಣತನಕ್ಕೆ ಚಪ್ಪಾಳೆ ತಟ್ಟಿದ ಓದುಗ, ತನಗರಿವಿಲ್ಲದೆಯೇ ಒಬ್ಬ ಸಂಚುಗಾರನ ವಾದಕ್ಕೆ ತಲೆದೂಗಿರುತ್ತಾನೆ. ಮುಂದೆ ಸಂಜೀವಕ ಸತ್ತಾಗ ಆ ಚಪ್ಪಾಳೆ ಅವನನ್ನು ಕಾಡಬೇಕು. ಈ ಗ್ರಂಥದ ಅಸಲು ಶಕ್ತಿ ಇರುವುದು ಇಲ್ಲಿ. ಮಕ್ಕಳ ಆವೃತ್ತಿಗಳು ಮೊದಲು ಕತ್ತರಿಸಿ ಎಸೆಯುವುದೂ ಇದನ್ನೇ.

ಪಂಚತಂತ್ರದ ಕಥೆಗಳು ವಾದಗಳು. ಪ್ರತಿಯೊಂದಕ್ಕೂ ಹೇಳುವವನೊಬ್ಬ ಇದ್ದಾನೆ, ಅವನಿಗೊಂದು ಹಿತಾಸಕ್ತಿ ಇದೆ, ಎದುರಿಗೆ ಒಪ್ಪದವನೊಬ್ಬ ಕೂತಿದ್ದಾನೆ. ಬೆಣೆ ಕಿತ್ತು ಸತ್ತ ಕೋತಿಯ ಕಥೆಯನ್ನು ಕರಟಕ ಹೇಳುವುದು, ನಮಗೆ ಸಂಬಂಧವಿಲ್ಲದ ರಾಜಕಾರ್ಯಕ್ಕೆ ಕೈಹಾಕಬೇಡ ಎಂದು ಗೆಳೆಯನನ್ನು ತಡೆಯಲು. ಎಲ್ಲ ಕೈಮೀರುವ ಹೊತ್ತಿಗೆ ಅದೇ ಕರಟಕ ಧರ್ಮಬುದ್ಧಿ–ಪಾಪಬುದ್ಧಿಯರ ಕಥೆಯನ್ನೂ ಕಬ್ಬಿಣದ ತಕ್ಕಡಿ ತಿಂದ ಇಲಿಗಳ ಕಥೆಯನ್ನೂ ಹೇಳಿ ದಮನಕನಿಗೆ ಛೀಮಾರಿ ಹಾಕುತ್ತಾನೆ. ಕಥೆಗೆ ಪ್ರತಿಕಥೆ. ಯಾವುದು ಸರಿ ಎಂದು ತೂಗಿ ನೋಡುವ ಕೆಲಸ ಕೇಳುಗನದು.

ಎಲ್ಲಕ್ಕಿಂತ ಕಠಿಣವಾದದ್ದು ಒಂಟೆಯ ಕಥೆ. ಗಾಯಗೊಂಡು ಬೇಟೆಯಾಡಲಾಗದ ಸಿಂಹವೊಂದು ತಾನು ಅಭಯ ಕೊಟ್ಟ ಒಂಟೆಯನ್ನು ಕೊಲ್ಲಲು ಒಪ್ಪುವುದಿಲ್ಲ. ಆಗ ಅದರ ಹಿಂಬಾಲಕರು ನಾಟಕ ಹೂಡುತ್ತಾರೆ. ಮೊದಲು ಕಾಗೆ, ಆಮೇಲೆ ನರಿ, ಚಿರತೆ ಒಬ್ಬೊಬ್ಬರಾಗಿ ಬಂದು ‘ನನ್ನನ್ನು ತಿನ್ನಿ ಪ್ರಭು’ ಎನ್ನುತ್ತಾರೆ; ಪ್ರತಿಯೊಬ್ಬನನ್ನೂ ಪಕ್ಕದವನು ತಡೆಯುತ್ತಾನೆ. ಸಭೆಯ ಮರ್ಯಾದೆಯೇ ಇದೆಂದು ನಂಬಿದ ಒಂಟೆಯೂ ಮುಂದೆ ಬಂದು ಅದೇ ಮಾತು ಹೇಳುತ್ತದೆ. ಅದನ್ನು ಮಾತ್ರ ಯಾರೂ ತಡೆಯುವುದಿಲ್ಲ. ಈ ಕಥೆ ಹೇಳುವವನು ಸಂಜೀವಕ, ಅದೂ ತನ್ನ ಸಾವಿಗೆ ಸ್ವಲ್ಪ ಮುಂಚೆ. ಆಸ್ಥಾನದ ಬಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎದುರಿಗೆ ಕೂತು ಕೇಳುತ್ತಿದ್ದ ದಮನಕನೇ ಆ ಕಾಗೆ ಎಂಬುದೊಂದು ಗೊತ್ತಿರಲಿಲ್ಲ. ‘ಕೆಟ್ಟವರ ಸಹವಾಸ ಬೇಡ’ ಎಂಬ ಒಂದು ಸಾಲಿನಲ್ಲಿ ಇದರ ಯಾವ ಭಾಗ ಹಿಡಿಸೀತು?

ಮೊದಲ ತಂತ್ರದ ಕೊನೆಯಲ್ಲಿ ದಮನಕನಿಗೆ ಶಿಕ್ಷೆಯಿಲ್ಲ. ಗೆಳೆಯನನ್ನು ಕೊಂದು ಮರುಗುವ ಸಿಂಹವನ್ನು ಸಮಾಧಾನಪಡಿಸಿ ಅವನು ಮಂತ್ರಿಯಾಗಿಯೇ ಉಳಿಯುತ್ತಾನೆ. ಇದನ್ನು ಅರಗಿಸಿಕೊಳ್ಳುವುದು ದೊಡ್ಡವರಿಗೂ ಕಷ್ಟವಾಗಿತ್ತು. 6ನೆಯ ಶತಮಾನದಲ್ಲಿ ಪರ್ಷಿಯಾದ ಪಹ್ಲವಿ ಭಾಷೆಗೆ ಹೋದ ಈ ಗ್ರಂಥವನ್ನು 8ನೆಯ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫಾ ಅರಬ್ಬಿಗೆ ತಂದ. ಕರಟಕ–ದಮನಕರು ಅಲ್ಲಿ ಕಲೀಲ–ದಿಮ್ನ. ದಿಮ್ನನನ್ನು ವಿಚಾರಣೆಗೆ ಗುರಿಪಡಿಸಿ ದಂಡಿಸುವ ಇಡೀ ಒಂದು ಅಧ್ಯಾಯ ಆ ಅರಬ್ಬಿ ಕೃತಿಯಲ್ಲಿದೆ. ಅದು ಇಬ್ನ್ ಅಲ್-ಮುಕಫ್ಫಾನದೇ ಸೇರ್ಪಡೆಯೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಅವನು ಆಸ್ಥಾನಗಳಲ್ಲಿ ಬರೆಹದ ಕೆಲಸ ಮಾಡಿದವನು, ಕೊನೆಗೆ ಅಧಿಕಾರದಲ್ಲಿದ್ದವರ ಕೈಯಲ್ಲೇ ಕೊಲೆಯಾದವನು. ನ್ಯಾಯ ಬೇಕೆನ್ನಿಸಿದಾಗಲೂ ಅವನು ಅದನ್ನು ಒಂದು ಸಾಲಿನಲ್ಲಿ ಅಂಟಿಸಲಿಲ್ಲ. ಸಾಕ್ಷಿ, ಸವಾಲು, ಜವಾಬುಗಳ ಮೂಲಕ ಕಟ್ಟಿದ. ಆ ಗೌರವ ಇಂದಿನ ಮಕ್ಕಳಿಗೆ ಸಿಗುತ್ತಿಲ್ಲ.

ಇನ್ನೊಂದು ಆಕ್ಷೇಪ ಫ್ರಾನ್ಸ್‌ನಿಂದ ಬಂತು. ರೂಸೋ 1762ರ ತನ್ನ ‘ಎಮಿಲ್’ ಗ್ರಂಥದಲ್ಲಿ ಲಾ ಫೊಂತೇನನ ಕಾಗೆ–ನರಿ ಪದ್ಯವನ್ನು ಎಳೆಎಳೆಯಾಗಿ ಬಿಡಿಸಿ, ಮಕ್ಕಳಿಗೆ ನೀತಿಕಥೆಯೇ ಬೇಡ ಎಂದ. ಹೊಗಳಿಕೆಗೆ ಮರುಳಾಗಬಾರದೆಂದು ಕಥೆ ಹೇಳುತ್ತಿದ್ದರೂ ಮಗು ಮೆಚ್ಚುವುದು ಹೊಗಳಿ ತಿಂಡಿ ಕಸಿದ ನರಿಯನ್ನೇ ಎಂಬುದು ಅವನ ವಾದ. ಅವನು ಕಂಡದ್ದು ನಿಜ, ಕೊಟ್ಟ ತೀರ್ಪು ಅತಿಯಾಯಿತು. ಮಗು ನರಿಯನ್ನು ಮೆಚ್ಚಲಿ. ಆ ಮೆಚ್ಚುಗೆಯನ್ನು ಪ್ರಶ್ನಿಸುವ ಇನ್ನೊಂದು ದನಿ ಕಥೆಯಲ್ಲೇ ಇದ್ದರೆ ಸಾಕು. ಪಂಚತಂತ್ರದಲ್ಲಿ ಕರಟಕನ ದನಿ ಇದ್ದದ್ದು ಅದಕ್ಕಾಗಿಯೇ.

ಕನ್ನಡಕ್ಕೆ ಪಂಚತಂತ್ರ ಮಕ್ಕಳ ಪುಸ್ತಕವಾಗಿ ಬಂದದ್ದಲ್ಲ. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ 1031ರ ಸುಮಾರಿಗೆ ಅದನ್ನು ಚಂಪುವಿನಲ್ಲಿ ಬರೆದ. ಯುದ್ಧ, ಒಪ್ಪಂದಗಳ ಹೊಣೆ ಹೊತ್ತ ಅಧಿಕಾರಿ ಅವನು. ವಸುಭಾಗಭಟ್ಟನ ಪಾಠವನ್ನು ಅನುಸರಿಸಿದ್ದರಿಂದ ಅವನ ಐದು ಭಾಗಗಳ ಹೆಸರುಗಳೂ ಬೇರೆ: ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ. ಕನ್ನಡ ನಾಡಿನ ಇಂಥ ಪಂಚತಂತ್ರವೊಂದು ಕೈಯಲ್ಲಿರುವಾಗ ಅದರ ಜಾಡನ್ನು ಮಕ್ಕಳ ಪುಸ್ತಕಗಳಲ್ಲಿ ಹುಡುಕಬೇಕಾಗಿ ಬಂದಿರುವುದು ನಷ್ಟವೇ ಸರಿ.

ನೇರವಾಗಿ ಧರ್ಮವನ್ನೇ ಹೇಳುವ ಪ್ರಾಣಿಕಥೆ ಸಪ್ಪೆಯಾಗಬೇಕೆಂದೇನೂ ಇಲ್ಲ. ‘ಗೋವಿನ ಹಾಡು’ ಇದೆಯಲ್ಲ. ಅಲ್ಲಿ ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತಿಗೆ ಬೆಲೆ ತೆರಬೇಕು. ಆ ಬೆಲೆ ಎಷ್ಟೆಂಬುದು ಕರುವಿನ ಪ್ರಶ್ನೆಗಳಲ್ಲಿ, ತಬ್ಬಲಿಯನ್ನು ನೋಡಿಕೊಳ್ಳಿ ಎಂದು ಉಳಿದ ಹಸುಗಳನ್ನು ಬೇಡುವ ತಾಯಿಯ ದನಿಯಲ್ಲಿ ಎದೆಗೆ ತಾಗುತ್ತದೆ. ಹುಲಿಯ ಸಾವು ಕೂಡ ಮಗುವಿಗೆ ಸುಲಭದ ಸಮಾಧಾನ ಕೊಡುವುದಿಲ್ಲ. ಸತ್ಯದ ಬಗ್ಗೆ ಬೇರೆ ಸಾಲು ಅಲ್ಲಿ ಬೇಕಿಲ್ಲ.

ನಾಲ್ಕೈದು ವರ್ಷದವರಿಗೆ ಮೊಲದ ಕಥೆಯೊಂದೇ ಸಾಕು, ನಿಜ. ಹತ್ತು ತುಂಬಿದವರಿಗೆ ಮಾತ್ರ ಹೇಳುವವನ ಹೆಸರು, ಅವನ ಉದ್ದೇಶ, ಎದುರು ಕಥೆ ಎಲ್ಲವೂ ಬೇಕು. ಕೊನೆಯ ನೀತಿಸಾಲು ಬೇಡ. ಕಥೆಯೊಳಗಿನ ಕಥೆ ಮಕ್ಕಳಿಗೆ ಗೊಂದಲವೆಂಬ ಪ್ರಕಾಶಕರ ಅಂಜಿಕೆಗೆ ಪಂಚತಂತ್ರದ ಪೀಠಿಕೆಯಲ್ಲೇ ಉತ್ತರವಿದೆ. ಅಮರಶಕ್ತಿ ರಾಜ ವಿಷ್ಣುಶರ್ಮನಿಗೆ ಒಪ್ಪಿಸಿದ್ದು ಶಾಸ್ತ್ರ ತಲೆಗೆ ಹತ್ತದ ಮೂವರು ಹುಡುಗರನ್ನು. ಆರು ತಿಂಗಳ ಗಡುವಿನಲ್ಲಿ ಅವರಿಗೆ ಹೇಳಿದ ಮೊದಲ ಕಥೆಯೇ ದಮನಕನದು, ಒಂದೂ ಮಡಿಕೆ ಬಿಡಿಸದೆ.