ಹಾಡು ಮುಗಿದ ಮೇಲೆ ಉಳಿಯುವ ಮಾತು

ಅಮೆರಿಕದ ಹೈಸ್ಕೂಲು ಕಥನಗಳನ್ನು ನೋಡುತ್ತ ಬಂದವರಿಗೆ ಅಲ್ಲಿನ ಎರಡು ಕೋಣೆಗಳು ಚೆನ್ನಾಗಿ ಪರಿಚಿತ. ಒಂದು ಪಿಯಾನೋ ಇರುವ ಹಾಡಿನ ಕೋಣೆ, ಇನ್ನೊಂದು ಹೆಲ್ತ್ ಕ್ಲಾಸಿನ ಕೋಣೆ. ಹಾಡಿನ ಕೋಣೆಯನ್ನು ಈ ಕಥನಗಳು ಭಕ್ತಿಯಿಂದ ಚಿತ್ರಿಸುತ್ತವೆ. ಹೆಲ್ತ್ ಕ್ಲಾಸನ್ನು ಮಾತ್ರ ತಮಾಷೆಗೆ ಇಟ್ಟುಕೊಂಡಿರುತ್ತವೆ. 2004ರ 'ಮೀನ್ ಗರ್ಲ್ಸ್' ಚಿತ್ರದಲ್ಲಿ ಕೋಚ್ ಕಾರ್, ಲೈಂಗಿಕ ಸಂಪರ್ಕವೆಂದರೆ ಬಸಿರು, ಬಸಿರೆಂದರೆ ಸಾವು ಎಂದು ಮಕ್ಕಳನ್ನು ಹೆದರಿಸಿ, ಮರುಕ್ಷಣವೇ ಕಾಂಡೋಮ್ ಹಂಚುತ್ತಾನೆ. ನಾವು ನಗುತ್ತೇವೆ. ಆದರೆ ಆ ತರಗತಿಯಲ್ಲಿ ಕೂತ ಹುಡುಗ ಹುಡುಗಿಯರು ತಿಳಿಯಬೇಕಾದದ್ದನ್ನು ಮತ್ತೆಲ್ಲಿ ತಿಳಿಯುತ್ತಾರೆ ಎಂಬ ಪ್ರಶ್ನೆ ನಗುವಿನ ಅಡಿಯಲ್ಲಿ ಹಾಗೇ ಉಳಿಯುತ್ತದೆ. ಈ ಪ್ರಶ್ನೆಗೆ 'ಹಾಡಿನಲ್ಲಿ' ಎಂದು ಅತ್ಯಂತ ಉತ್ಸಾಹದಿಂದ ಉತ್ತರ ಕೊಟ್ಟ ಸರಣಿ 'ಗ್ಲೀ'. ಆ ಉತ್ತರ ಎಷ್ಟು ದೂರ ನಿಲ್ಲುತ್ತದೆ ಎಂಬುದು ನನ್ನ ಕುತೂಹಲ.

ಮೊದಲು ಸ್ವಲ್ಪ ಚರಿತ್ರೆ. ಅಮೆರಿಕದ ಸಾರ್ವಜನಿಕ ಶಾಲೆಗಳಿಗೆ ಸಂಗೀತ ಬಂದದ್ದು ಕಲೆಯ ಹೆಸರಿನಲ್ಲಷ್ಟೇ ಅಲ್ಲ. 1838ರಲ್ಲಿ ಬಾಸ್ಟನ್ ನಗರದ ಶಾಲೆಗಳು ಲೋವೆಲ್ ಮೇಸನ್ ಅವರ ನೇತೃತ್ವದಲ್ಲಿ ಗಾಯನವನ್ನು ಪಠ್ಯಕ್ರಮಕ್ಕೆ ಸೇರಿಸಿಕೊಂಡವು. ಅದಕ್ಕೆ ಹಿಂದಿನ ವರ್ಷ ಅಲ್ಲಿನ ಶಾಲಾ ಸಮಿತಿಯ ಮುಂದೆ ಬಂದ ವರದಿ ಗಾಯನವನ್ನು ಮೂರು ಒರೆಗಲ್ಲುಗಳಿಗೆ ಹಚ್ಚಿ ನೋಡಿತ್ತು: ಬುದ್ಧಿ, ನೀತಿ ಮತ್ತು ದೇಹ. ಹಾಡುವುದು ಎದೆಗೂ ಶ್ವಾಸಕೋಶಕ್ಕೂ ಒಳ್ಳೆಯದು ಎಂಬುದು ಆ ಕಾಲದ ಗಂಭೀರ ವಾದ. ಅಂದರೆ ಸಂಗೀತ ಶಾಲೆಯೊಳಗೆ ಕಾಲಿಟ್ಟಾಗ ಅದು ಭಾಗಶಃ ಆರೋಗ್ಯದ ಪಾಠವೇ ಆಗಿತ್ತು. ಆರೋಗ್ಯದ ಪಾಠವಾದರೋ ಬೇರೆ ದಾರಿ ಹಿಡಿಯಿತು. 1882ರಲ್ಲಿ ವರ್ಮಾಂಟ್ ರಾಜ್ಯ ಶರೀರಶಾಸ್ತ್ರದ ಬೋಧನೆಯನ್ನು ಕಡ್ಡಾಯ ಮಾಡಿದಾಗ ಅದರ ಹಿಂದಿದ್ದದ್ದು ಪಾನವಿರೋಧಿ ಚಳವಳಿ. ಮದ್ಯ ದೇಹವನ್ನು ಹೇಗೆ ಹಾಳುಮಾಡುತ್ತದೆ ಎಂದು ಹೇಳುವುದೇ ಪಾಠದ ಮುಖ್ಯ ಉದ್ದೇಶ. ಮುಂದಿನ ಎರಡು ದಶಕಗಳಲ್ಲಿ ಉಳಿದ ರಾಜ್ಯಗಳೂ ಇದೇ ಜಾಡಿನಲ್ಲಿ ನಡೆದವು. ಹೀಗೆ ಹಾಡಿನ ಕೋಣೆಯಲ್ಲಿ ದೇಹ ಉಸಿರಾಡಿತು, ಆರೋಗ್ಯದ ಕೋಣೆಯಲ್ಲಿ ಅದು ಅಪಾಯದ ಮೂಲವಾಯಿತು. ಕೋಚ್ ಕಾರ್ ಈ ಎರಡನೆಯ ಪರಂಪರೆಯ ತೀರಾ ತಡವಾದ ವಾರಸುದಾರ.

'ಗ್ಲೀ' 2009ರಿಂದ 2015ರವರೆಗೆ ಫಾಕ್ಸ್ ವಾಹಿನಿಯಲ್ಲಿ ಪ್ರಸಾರವಾಯಿತು. ಒಹಾಯೋದ ಲೈಮಾ ಎಂಬ ಊರು, ಮೆಕಿನ್ಲಿ ಹೈಸ್ಕೂಲು, ಯಾರಿಗೂ ಬೇಡವಾದ ಮಕ್ಕಳ ಒಂದು ಗಾಯನ ತಂಡ. ಇದೇ ಶಾಲೆಯಲ್ಲಿ ಒಂದು ಬ್ರಹ್ಮಚರ್ಯ ಸಂಘವೂ ಇದೆ. ಇದು ಬರೀ ಹಾಸ್ಯಕ್ಕೆ ಹುಟ್ಟಿದ ಕಲ್ಪನೆಯಲ್ಲ. 1996ರ ಒಂದು ಕಾಯಿದೆಯ ಮೂಲಕ ಅಲ್ಲಿನ ಒಕ್ಕೂಟ ಸರಕಾರ, ಮದುವೆಯವರೆಗೆ ಸಂಯಮವೊಂದನ್ನೇ ಬೋಧಿಸುವ ಕಾರ್ಯಕ್ರಮಗಳಿಗೆ ವರ್ಷಕ್ಕೆ 5 ಕೋಟಿ ಡಾಲರ್ ಎತ್ತಿಟ್ಟಿತ್ತು. ಆ ಪಾಠ ಕೇಳಿ ಬೆಳೆದ ತಲೆಮಾರೇ 'ಗ್ಲೀ'ಯ ಪಾತ್ರಗಳು.

ಸಂಘದ ಅಧ್ಯಕ್ಷೆ ಕ್ವಿನ್ ಮೊದಲ ಸೀಸನ್ನಿನಲ್ಲೇ ಗರ್ಭಿಣಿಯಾಗುತ್ತಾಳೆ. ಅವಳ ಗೆಳೆಯ ಫಿನ್, ಬಿಸಿನೀರಿನ ತೊಟ್ಟಿಯಲ್ಲಿ ಒಟ್ಟಿಗೆ ಕೂತಿದ್ದರಿಂದಲೇ ತಾನು ತಂದೆಯಾದೆ ಎಂದು ನಂಬಿಬಿಡುತ್ತಾನೆ. ಮಗು ಅವನದಲ್ಲ. ಅವನ ಅಜ್ಞಾನವೇ ಕ್ವಿನ್‌ಳ ಸುಳ್ಳಿಗೆ ನಿಲ್ಲಲು ನೆಲ ಕೊಡುತ್ತದೆ. ಒಂದು ಸಾಧಾರಣ ಹೆಲ್ತ್ ಕ್ಲಾಸು ಈ ಇಡೀ ಕಥಾಸರಣಿಯನ್ನು ಮೊಳಕೆಯಲ್ಲೇ ಚಿವುಟಬಹುದಿತ್ತು. ಮುಂದೆ ಕ್ವಿನ್‌ಳ ಮನೆಯ ಊಟದ ಹೊತ್ತಿನಲ್ಲಿ ಅವಳ ತಂದೆತಾಯಿಗೆ ವಿಷಯ ತಿಳಿಸಬೇಕಾಗುತ್ತದೆ. ಫಿನ್‌ಗೆ ಮಾತು ಹೊರಡುವುದಿಲ್ಲ, ಹಾಡುತ್ತಾನೆ. ಹಾಡಿನ ಅರ್ಥ ಗೊತ್ತಾಗುತ್ತಿದ್ದಂತೆ ತಂದೆ ಮಗಳನ್ನು ಮನೆಯಿಂದ ಆಚೆ ಹಾಕುತ್ತಾನೆ. ನನ್ನ ಮಟ್ಟಿಗೆ ಇದು ಸರಣಿಯ ಅತ್ಯಂತ ಪ್ರಾಮಾಣಿಕ ಗಳಿಗೆಗಳಲ್ಲಿ ಒಂದು. ಹಾಡು ಎಲ್ಲವನ್ನೂ ಗುಣಪಡಿಸುತ್ತದೆ ಎಂದು ನಂಬಿಸಿಕೊಂಡು ಬಂದ ಸರಣಿಯೇ ಇಲ್ಲಿ ಹಾಡಿನ ಕೈಲಾಗದ್ದನ್ನೂ ತೋರಿಸುತ್ತದೆ. ದುಃಖವೆಂದರೆ ಸರಣಿ ಈ ಅರಿವಿನ ಮೇಲೆ ನಿಲ್ಲುವುದಿಲ್ಲ. ಸೀಸನ್ನಿನ ಕೊನೆಯಲ್ಲಿ ಕ್ವಿನ್ ಹೆರುವ ದೃಶ್ಯವನ್ನು ಎದುರಾಳಿ ತಂಡದ ಅಬ್ಬರದ ಗಾಯನದೊಂದಿಗೆ ಹೆಣೆಯಲಾಗಿದೆ. ದೃಶ್ಯ ರೋಮಾಂಚಕಾರಿ ನಿಜ. ಆದರೆ ಹದಿನಾರರ ಹುಡುಗಿಯೊಬ್ಬಳ ಹೆರಿಗೆ ನೋವು ಅಲ್ಲಿ ತಾಳಕ್ಕೆ ತಕ್ಕಂತೆ ಕತ್ತರಿಸಿದ ಚಿತ್ರವಾಗಿಬಿಡುತ್ತದೆ. ಅವಳಿಗೆ ಏನಾಯಿತು ಎಂದು ಕೇಳಲು ನಮಗೆ ಬಿಡುವೇ ಸಿಗುವುದಿಲ್ಲ.

ಎರಡನೆಯ ಸೀಸನ್ನಿನ 'ಸೆಕ್ಸಿ' ಎಂಬ ಕಂತು 2011ರ ಮಾರ್ಚ್‌ನಲ್ಲಿ ಬಂತು. ಎರಡೂ ಕೋಣೆಗಳನ್ನು ನೇರವಾಗಿ ಮುಖಾಮುಖಿಯಾಗಿಸುವುದು ಈ ಕಂತು. ಮನೆಯ ಬಳಿ ಕೊಕ್ಕರೆ ಗೂಡು ಕಟ್ಟಿದ್ದರಿಂದ ತಾನು ಬಸುರಿ ಎಂದು ಬ್ರಿಟನಿ ನಂಬಿದ್ದಾಳೆ. ಬದಲಿ ಶಿಕ್ಷಕಿ ಹಾಲಿ ಹಾಲಿಡೇ ಲೈಂಗಿಕ ಶಿಕ್ಷಣವನ್ನು ಹಾಡಿ ಕಲಿಸಲು ನಿಲ್ಲುತ್ತಾಳೆ. ಕೋಣೆ ಕುಣಿಯುತ್ತದೆ, ಆದರೆ ಹಾಡು ಮುಗಿದಾಗ ಮಕ್ಕಳಿಗೆ ಹೊಸದಾಗಿ ತಿಳಿದದ್ದು ಅಷ್ಟರಲ್ಲೇ ಇದೆ. ಅತ್ತ ಬ್ರಹ್ಮಚರ್ಯ ಸಂಘದ ಪರವಾಗಿ ಎಮ್ಮಾ ಒಂದು ಹಳೆಯ ಜನಪ್ರಿಯ ಗೀತೆಯನ್ನು ಅದು ಸಿಹಿತಿಂಡಿಯ ಕುರಿತದ್ದೆಂದು ತಿಳಿದು ಹಾಡುತ್ತಾಳೆ; ಅದು ಮಧ್ಯಾಹ್ನದ ಪ್ರಣಯದ ಹಾಡು. ಕಲಿಸಬೇಕಾದವರಿಗೇ ಹಾಡಿನ ಅರ್ಥ ಗೊತ್ತಿಲ್ಲ. ಹಾಲಿಗೆ ಗೊತ್ತಿದೆ, ಎಮ್ಮಾಗೆ ಗೊತ್ತಿಲ್ಲ. ಮಕ್ಕಳಿಗೆ ಮಾತ್ರ ಇಬ್ಬರಿಂದಲೂ ಸಿಕ್ಕಿದ್ದು ಪ್ರದರ್ಶನವೊಂದೇ.

ಹಾಗೆಂದು ಹಾಡು ಬರೀ ಮರೆಮಾಚುವ ಪರದೆ ಎಂದುಬಿಟ್ಟರೆ ಈ ಕಂತಿಗೆ ಅನ್ಯಾಯವಾಗುತ್ತದೆ. ಬ್ರಿಟನಿಯ ಮೇಲೆ ತನಗಿರುವ ಭಾವವನ್ನು ಸಾಂತಾನಾ ಮೊದಲು ಒಂದು ಹಾಡಿನ ಆಸರೆಯಲ್ಲಿ ಹೊರಹಾಕುತ್ತಾಳೆ. ಆಮೇಲೆ ಲಾಕರುಗಳ ಪಕ್ಕ ನಿಂತು ಅದನ್ನೇ ಮಾತಿನಲ್ಲಿ, ತಡವರಿಸುತ್ತ, ಅಳುತ್ತ ಹೇಳುತ್ತಾಳೆ. ಹಾಡು ಅವಳಿಗೆ ಧೈರ್ಯ ತುಂಬಿತು. ಹೊಣೆ ಹೊರಬೇಕಾಗಿ ಬಂದದ್ದು ಮಾತು.

ಕಂತಿನ ನಿಜವಾದ ಹೆಲ್ತ್ ಕ್ಲಾಸು ನಡೆಯುವುದು ಶಾಲೆಯ ಹೊರಗೆ. ಗ್ಯಾರೇಜು ನಡೆಸುವ ಬರ್ಟ್ ಹಮ್ಮೆಲ್, ಸಲಿಂಗಿಯಾದ ತನ್ನ ಮಗ ಕರ್ಟ್‌ನ ಮುಂದೆ ಕರಪತ್ರಗಳನ್ನಿಟ್ಟು ಕೂರುತ್ತಾನೆ. ಶಾಲೆಯ ಪಾಠಗಳಲ್ಲಿ ಕರ್ಟ್‌ನಂಥ ಹುಡುಗರಿಗೆ ಜಾಗವೇ ಇಲ್ಲವೆಂದು ಬ್ಲೇನ್ ಬಂದು ಹೇಳಿದ ಮೇಲೆ, ತನಗೆ ಗೊತ್ತಿಲ್ಲದ್ದನ್ನು ಓದಿ ತಿಳಿದುಕೊಂಡು ಬಂದಿದ್ದಾನೆ. ಇಬ್ಬರಿಗೂ ಮುಜುಗರ. ದೇಹ ಕೊಟ್ಟಾಗ ಮನಸ್ಸಿನ ಒಂದು ಪಾಲೂ ಹೋಗುತ್ತದೆ, ನಿನ್ನನ್ನು ನೀನೇ ಅಗ್ಗ ಮಾಡಿಕೊಳ್ಳಬೇಡ ಎಂಬುದು ಅವನ ಮಾತಿನ ತಿರುಳು. ಈ ದೃಶ್ಯದಲ್ಲಿ ಯಾರೂ ಹಾಡುವುದಿಲ್ಲ. ಮಾತುಮಾತಿಗೆ ಹಾಡು ಬರುವ ಸರಣಿಯಲ್ಲಿ, ಮಗುವೊಂದಕ್ಕೆ ದೇಹದ ಬಗ್ಗೆ ಭಯವಿಲ್ಲದೆ, ಸುಳ್ಳಿಲ್ಲದೆ ತಿಳಿಹೇಳುವ ದೃಶ್ಯ ಹಾಡಿಲ್ಲದ ದೃಶ್ಯವಾಗಿದೆ. 'ಗ್ಲೀ' ತನ್ನ ಬಗ್ಗೆ ತಾನೇ ಮಾಡಿಕೊಂಡ ಅತ್ಯುತ್ತಮ ವಿಮರ್ಶೆ ಇದು ಎನ್ನಬಹುದು.

ಇದಕ್ಕಿಂತ ಹತ್ತು ವರ್ಷ ಮೊದಲೇ ಬಂದ 'ಫ್ರೀಕ್ಸ್ ಅಂಡ್ ಗೀಕ್ಸ್' ಈ ಸಂಬಂಧವನ್ನು ಹೆಚ್ಚು ಸಮಾಧಾನದಿಂದ ನೋಡಿತ್ತು. ಅಲ್ಲಿಯ ಶಾಲೆಯ ಹೆಸರೂ ಮೆಕಿನ್ಲಿಯೇ. ಊರು ಮಾತ್ರ ಮಿಷಿಗನ್ ರಾಜ್ಯದ್ದು, ಕಾಲ 1980ರ ಸುಮಾರು. 'ಐ ಆಮ್ ವಿತ್ ದ ಬ್ಯಾಂಡ್' ಎಂಬ ಕಂತಿನಲ್ಲಿ ಎರಡು ಕತೆಗಳು ಅಕ್ಕಪಕ್ಕ ನಡೆಯುತ್ತವೆ. ಡ್ರಮ್ಮೇ ತನ್ನ ಬದುಕು ಎಂದುಕೊಂಡ ನಿಕ್, ನಿಜವಾದ ತಂಡವೊಂದರ ಆಯ್ಕೆಗೆ ಹೋಗಿ ಸೋಲುತ್ತಾನೆ. ಸಣಕಲು ಹುಡುಗ ಸ್ಯಾಮ್, ವ್ಯಾಯಾಮದ ಪಿರಿಯಡ್ಡಿನ ನಂತರ ಎಲ್ಲರ ಮುಂದೆ ಸ್ನಾನ ಮಾಡಲು ನಾಚಿ ನಡುಗುತ್ತಾನೆ. ಸೋತ ನಿಕ್‌ನನ್ನು ಎತ್ತಿಹಿಡಿಯಲು ಇಲ್ಲಿ ಯಾವ ಹಾಡೂ ಬರುವುದಿಲ್ಲ. ಸ್ಯಾಮ್‌ನ ನಾಚಿಕೆಗೂ ಹಿನ್ನೆಲೆ ಸಂಗೀತದ ಪರಿಹಾರವಿಲ್ಲ. ಇಬ್ಬರೂ ಮರುದಿನ ಅದೇ ದೇಹ ಹೊತ್ತು ಅದೇ ಶಾಲೆಗೆ ಹೋಗಬೇಕು. ಈ ಸರಣಿ 18 ಕಂತುಗಳಿಗೇ ನಿಂತಿತು, 'ಗ್ಲೀ' ಆರು ಸೀಸನ್ ಓಡಿತು. ಯಾವ ಸಾಂತ್ವನಕ್ಕೆ ಗಿರಾಕಿಗಳು ಹೆಚ್ಚು ಎಂಬುದಕ್ಕೆ ಬೇರೆ ಪುರಾವೆ ಬೇಡವೇನೋ.

ಇವೆಲ್ಲ ಅಮೆರಿಕದ ಕತೆಗಳು, ನಮಗೇನು ಎನ್ನುವಂತಿಲ್ಲ. ಕೇಂದ್ರದ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಬೇಡವೆಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ 'ಮನೆಯಲ್ಲಿ ಓದಿಕೊಳ್ಳಿ' ಎಂದು ದಾಟಿಸಿದ ತರಗತಿಗಳು ಈ ಬರಹದ ಅನೇಕ ಓದುಗರಿಗೆ ನೆನಪಿರಬಹುದು. ಅದೇ ಶಾಲೆಗಳಲ್ಲಿ ಪ್ರತಿಭಾ ಕಾರಂಜಿಗೆ ಭಾವಗೀತೆ ಕಲಿಸುವಾಗ ಪ್ರೀತಿ, ವಿರಹ, ಹಂಬಲಗಳ ಸಾಲುಗಳನ್ನು ಮಕ್ಕಳ ಬಾಯಲ್ಲಿ ಹಾಡಿಸಲು ಯಾರಿಗೂ ಸಂಕೋಚವಿರಲಿಲ್ಲ. ರಾಗಕ್ಕೆ ಸೇರಿಸಿದರೆ ಒಪ್ಪುವ ಮಾತು, ಪಾಠವಾಗಿ ಬಂದರೆ ಒಪ್ಪದು. ಹಾಡಿದ ಮಗು ಅದರ ಅರ್ಥ ಕೇಳಿದ್ದರೆ ಏನಾಗುತ್ತಿತ್ತು?

ವಿಮರ್ಶೆಯ ವಿದ್ಯಾರ್ಥಿಗಳಾಗಿ ನಾವು ಇಂಥ ಕಥನಗಳಲ್ಲಿ ಹಾಡಿನ ಸೌಂದರ್ಯವನ್ನು, ಅದು ಕಟ್ಟುವ ಬಳಗವನ್ನು ಮೆಚ್ಚುತ್ತೇವೆ, ಮೆಚ್ಚಬೇಕು ಕೂಡ. ಅದರ ಜೊತೆಗೆ, ಹಾಡು ಶುರುವಾಗುವ ಮುನ್ನ ಯಾವ ಮಗು ಯಾವ ಪ್ರಶ್ನೆ ಕೇಳಲು ಬಾಯಿ ತೆರೆದಿತ್ತು ಎಂಬುದನ್ನೂ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಹಾಡು ಮುಗಿದ ಮೇಲೆ ಆ ಪ್ರಶ್ನೆಗೆ ಹಿಂತಿರುಗುವ ಕಥನಗಳು ಬಹಳ ಕಡಿಮೆ. ಕರಪತ್ರ ಹಿಡಿದು ಮಗನ ಮುಂದೆ ಕೂತ ಬರ್ಟ್‌ನ ಆ ಕೆಲವು ನಿಮಿಷಗಳು ಅಂಥ ವಿರಳ ಗುಂಪಿಗೆ ಸೇರುತ್ತವೆ.